ಕಾರವಾರದ ಕರಡಿಗೆ

ಮೇ ೪, ೧೯೬೨, ಶುಕ್ರವಾರ. ಸಪ್ತಾಪುರ, ಧಾರವಾಡ

ಟ್ರಂಕು ತುಂಬಿದ್ದಾಯಿತು, ಬಿಚ್ಚಿದ್ದಾಯಿತು, ಮತ್ತೆ ತುಂಬಿದ್ದೂ ಆಯಿತು. ನಾಳೆ ಬೆಳಿಗ್ಗೆ ಹುಬ್ಬಳ್ಳಿಯಿಂದ ಕಾರವಾರದ ಬಸ್ಸು. ಹೋಗುವವರು ಯಾರೆಂದರೆ ನಾನು ಮತ್ತು ಮಾವನವರು. ಇವರಿಗೆ ಪರೀಕ್ಷೆಯ ಪೇಪರು ತಿದ್ದುವುದಿದೆಯಂತೆ. ಮದುವೆಯಾಗಿ ಹನ್ನೆರಡು ವರ್ಷದಿಂದ ಸಮುದ್ರ ತೋರಿಸುತ್ತೇನೆ ಎನ್ನುತ್ತಿದ್ದರು. ಈಗ ಸಮುದ್ರಕ್ಕೆ ಹೋಗುವ ಹೊತ್ತಿಗೆ ತೋರಿಸುವವರೇ ಮನೆಯಲ್ಲಿ ಉಳಿದರು.

ಹೋದ ಕಾರ್ತಿಕದಲ್ಲಿ ಅತ್ತೆಯವರು ತೀರಿಕೊಂಡಾಗಿನಿಂದ ಮಾವನವರು ಮಾತು ಬಿಟ್ಟ ಹಾಗೆಯೇ. ಹುಬ್ಬಳ್ಳಿ ಬೆಂಗೇರಿಯ ಅವರ ಮನೆಗೆ ಬೀಗ ಹಾಕಿ ನಮ್ಮಲ್ಲಿಗೆ ಕರೆತಂದೆವು. ನಲವತ್ತು ವರ್ಷ ಹುಬ್ಬಳ್ಳಿಯ ಅರಳೆ ಪೇಟೆಯಲ್ಲಿ ಗಂಟಲು ಹರಿಯುವ ಹಾಗೆ ಕೂಗಿ ವ್ಯಾಪಾರ ಮಾಡಿದ ಮನುಷ್ಯ, ಈಗ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಡಾಕ್ಟರು ಸಮುದ್ರದ ಗಾಳಿ ಬೇಕೆಂದರು. ಗಾಳಿ ಕುಡಿಸಿಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂತು.

ನನಗಿರುವುದು ಒಂದೇ ಆಸೆ. ಗೋವಾ ನಮ್ಮದಾದ ಮೇಲೆ ಅಲ್ಲಿನ ದೊಡ್ಡ ಮನೆಗಳ ಹಳೆಯ ಸಾಮಾನೆಲ್ಲ ಕಾರವಾರಕ್ಕೆ ಬಂದು ಬಿದ್ದಿದೆಯಂತೆ. ನನಗೋ ಹಳೆಯ ಸಾಮಾನಿನ ಹುಚ್ಚು. ಹುಬ್ಬಳ್ಳಿಯ ಗುಜರಿ ಅಂಗಡಿಯವರು ನನ್ನನ್ನು ದೂರದಿಂದ ಕಂಡರೇ ಚಹಾ ಹೇಳುತ್ತಾರೆ. ಮಾವನವರಿಗೆ ಇದು ಕಣ್ಣಿಗಾಗದು. ಮೊನ್ನೆ ನನ್ನ ಕಪಾಟಿನ ಮುಂದೆ ನಿಂತು, “ಇವೆಲ್ಲ ಯಾರದೋ ಮನಿ ಮುರದು ಬಂದದ್ದು. ನಮ್ಮ ಮನ್ಯಾಗ ಯಾಕ ಯವ್ವಾ?” ಎಂದರು. ಅವತ್ತಿನ ಹತ್ತು ಮಾತೂ ನನಗೇ ಖರ್ಚಾದವು.

ಮೇ ೬, ರವಿವಾರ. ಕಾರವಾರ

ಅರಬೈಲು ಘಟ್ಟದಲ್ಲಿ ನನಗೆ ಮೂರು ಸಲ ವಾಂತಿ. ಮಾವನವರು ಮಾತ್ರ ಪೇಟೆಯ ಗಾದಿಯ ಮೇಲೆ ಕೂತವರ ಹಾಗೆ ನೆಟ್ಟಗೆ ಕೂತಿದ್ದರು. ಇಲ್ಲಿ ದಂಡೆಗೆ ಹತ್ತಿರ ಎರಡು ಕೋಣೆ ಸಿಕ್ಕಿವೆ. ಮನೆಯೊಡತಿಯ ಕನ್ನಡ ಅರ್ಧ, ಕೊಂಕಣಿ ಅರ್ಧ. ಆದರೆ ಒಳ್ಳೆಯ ಹೆಂಗಸು.

ಇವತ್ತು ಸಂತೆ. ಮೀನಿನ ಸಾಲು ದಾಟಿ ಮುಂದೆ ಹೋದರೆ ರಸ್ತೆಯ ಬದಿಯಲ್ಲಿ ಗೋಣಿತಾಟು ಹಾಸಿ ಸಾಮಾನು ಗುಡ್ಡೆ ಹಾಕಿದ್ದರು. ಗಾಜಿನ ದೀಪ, ಬೀಗವಿಲ್ಲದ ಕೀಲಿಕೈ, ಒಂಟಿ ಕಿವಿಯ ಸಾರಿನ ಬೋಗುಣಿ, ಯಾರೋ ಮದುವೆಯಲ್ಲಿ ತೆಗೆಸಿಕೊಂಡ ಫೋಟೋ. ಎರಡು ತಾಸು ಹೇಗೆ ಹೋಯಿತೋ ತಿಳಿಯಲಿಲ್ಲ. ಒಂದು ನೀಲಿ ಚಿತ್ರದ ಪಿಂಗಾಣಿ ತಟ್ಟೆ ತಂದೆ. ಅಂಚು ಚೂರು ಮುಕ್ಕಾಗಿದೆ, ಹಾಗಾಗಿ ಅಗ್ಗಕ್ಕೆ ಕೊಟ್ಟ.

ಮಾವನವರು ತಟ್ಟೆಯನ್ನು ತಿರುಗಿಸಿ ನೋಡಿದರು. “ಇದರಾಗ ಮೀನ ಉಂಡಿರತಾರ.”

“ತೊಳದೇನಿ ಬಿಡ್ರಿ ಮಾವಾರ. ಉಣ್ಣಾಕಲ್ಲ, ನೋಡಾಕ ತಂದೇನಿ.”

“ಉಂಡವರು ಎಲ್ಲಿ ಹೋದರೋ ಏನೋ” ಎಂದು ಹೇಳಿ ಗೋಡೆಯ ಕಡೆಗೆ ತಿರುಗಿ ಮಲಗಿದರು. ಹತ್ತು ದಿನ ಈ ಮುದುಕರ ಜೊತೆ ಹೇಗೆ ಕಳೆಯಬೇಕೋ.

ಮೇ ೮, ಮಂಗಳವಾರ

ಬೆಳಗೆಂದರೆ ಕಾಯುವುದೇ ಕೆಲಸ. ಮಾವನವರು ಸ್ನಾನ ಮಾಡಿ, ಕೊರಳಿನ ಬೆಳ್ಳಿಯ ಕರಡಿಗೆ ಬಿಚ್ಚಿ, ಒಳಗಿನ ಇಷ್ಟಲಿಂಗವನ್ನು ಎಡಗೈ ಅಂಗೈಯ ಮೇಲಿಟ್ಟುಕೊಂಡು ಕುಳಿತರೆಂದರೆ ಒಂದು ತಾಸು. ನನ್ನ ಕೊರಳಲ್ಲೂ ಒಂದಿದೆ. ನನ್ನದು ಎರಡು ನಿಮಿಷದ ಪೂಜೆ, ಅದರಲ್ಲೂ ಒಂದು ನಿಮಿಷ ಒಲೆಯ ಕಡೆ ಲಕ್ಷ್ಯ. ಅವರು ಉಪ್ಪಿಟ್ಟಿನ ತಟ್ಟೆಯನ್ನು ಮೊದಲು ಲಿಂಗಕ್ಕೆ ತೋರಿಸಿ, ಕಣ್ಣು ಮುಚ್ಚಿ, ಆಮೇಲೆ ಒಂದು ತುತ್ತು ಬಾಯಿಗೆ ಇಡುತ್ತಾರೆ. ಅಷ್ಟರಲ್ಲಿ ಉಪ್ಪಿಟ್ಟು ಹಂಚಿನ ಚೂರಾಗಿರುತ್ತದೆ.

ಅವರನ್ನು ಗಾಳಿಗಿಡಗಳ ನೆರಳಿನಲ್ಲಿ ಕೂರಿಸಿ ನಾನು ಪೇಟೆಗೆ ಹೋದೆ. ಇವತ್ತು ಸಿಕ್ಕಿದ್ದು ನಿಜವಾದ ಗಣಿ. ದಸ್ತಗೀರಸಾಬ ಎನ್ನುವವರ ಅಂಗಡಿ. ಹೊರಗೆ ನೋಡಿದರೆ ತಗಡಿನ ಗೂಡು, ಒಳಗೆ ಹೊಕ್ಕರೆ ಕೋಣೆಯ ಹಿಂದೆ ಕೋಣೆ. ಬೆತ್ತದ ಆರಾಮಕುರ್ಚಿ, ಹಡಗಿನ ಗಂಟೆ, ಮುಳ್ಳಿಲ್ಲದ ಗಡಿಯಾರ. ನನ್ನ ಮಾತು ಕೇಳಿದ ಕೂಡಲೇ ಆ ಸಾಹೇಬರ ಮುಖ ಅರಳಿತು.

“ಅಕ್ಕಾರ, ನೀವು ಹುಬ್ಬಳ್ಳಿ ಕಡೆಯವರೇನ್ರಿ? ನಂದೂ ಹಳೇ ಹುಬ್ಬಳ್ಳಿರಿ. ಇಲ್ಲಿಗೆ ಬಂದು ಇಪ್ಪತ್ತು ವರ್ಷಾತು. ದುರ್ಗದ ಬೈಲಿನಾಗ ಈಗೂ ಹಂಗ ಗದ್ದಲ ಐತೇನ್ರಿ?”

ಗದ್ದಲದ ವರದಿ ಒಪ್ಪಿಸಿದೆ. ಕೊಳ್ಳಲಿಲ್ಲ, ನೋಡಿದ್ದೇ ಸುಖ. ಮರಳಿ ಬಂದಾಗ ಮಾವನವರು ಬಿಟ್ಟ ಜಾಗದಲ್ಲೇ, ಬಿಟ್ಟ ಹಾಗೆಯೇ ಕೂತಿದ್ದರು. ಯಾಕೋ ಪಾಪವೆನಿಸಿತು, ಮತ್ತೆ ಸಿಟ್ಟೂ ಬಂತು. ಸಮುದ್ರಕ್ಕೆ ಬಂದು ಕಾಲನ್ನೂ ತೊಯ್ಯಿಸಿಕೊಳ್ಳದವರನ್ನು ಏನು ಮಾಡುವುದು?

ಮೇ ೧೦, ಗುರುವಾರ

ನಾನೇ ಕೈ ಹಿಡಿದು ಎಳೆದುಕೊಂಡು ಹೋದೆ. ಮೊಣಕಾಲುದ್ದ ನೀರು ಅಷ್ಟೇ. ಒಂದು ತೆರೆ ಬಂತು, ಇಬ್ಬರೂ ಬಿದ್ದೆವು. ಎದ್ದಾಗ ಮಾವನವರು ನಗುತ್ತಿದ್ದರು. ಆರು ತಿಂಗಳ ಮೇಲೆ ಅವರ ಹಲ್ಲು ಕಂಡೆ. ನಗುತ್ತಲೇ ಕೈ ಎದೆಗೆ ಹೋಯಿತು. ಅಲ್ಲಿ ದಾರವೂ ಇರಲಿಲ್ಲ, ಕರಡಿಗೆಯೂ ಇರಲಿಲ್ಲ.

ಕತ್ತಲಾಗುವ ತನಕ ಹುಡುಕಿದೆವು. ಸಿಗಲಿಲ್ಲ.

ಮೇ ೧೧, ಶುಕ್ರವಾರ

ನಿನ್ನೆ ಪೂಜೆ ಮುಗಿಸಿ, ಬಂದು ತಿನ್ನುತ್ತೇನೆಂದು ದಂಡೆಗೆ ಹೊರಟಿದ್ದರು. ಅಲ್ಲಿಂದೀಚೆ ಬಾಯಿಗೆ ಬರೀ ನೀರು. “ಲಿಂಗಕ್ಕ ತೋರಸಲಾರದ ಹೆಂಗ ಉಣ್ಣಲಿ?” ಎನ್ನುತ್ತಾರೆ. ಸಿಟ್ಟಿಲ್ಲ, ಹಟವೂ ಇಲ್ಲ. ಹೊರಗೆ ಮಳೆಯಿದೆ, ಹೇಗೆ ಹೋಗಲಿ ಎಂದು ಕೇಳುವವರ ಧ್ವನಿ. ಅದೇ ನನಗೆ ಹೆಚ್ಚು ಹೆದರಿಕೆ. ವಯಸ್ಸು ಅರವತ್ತೆಂಟು.

ಇವರಿಗೆ ತಂತಿ ಕೊಟ್ಟೆ. ಸಂಜೆಗೆ ಉತ್ತರ ಬಂತು: ಕೂಡಲೇ ಕರೆದುಕೊಂಡು ಬಾ, ಮಠದಲ್ಲಿ ಹೊಸದು ಕಟ್ಟಿಸೋಣ. ಓದಿ ಹೇಳಿದೆ.

“ಅದನ್ನ ನೀರಾಗ ಬಿಟ್ಟು ನಾ ಬಸ್ ಹತ್ತಲೇನು? ಹುಟ್ಟಿದ ಎಂಟನೇ ದಿನಕ್ಕ ಕಟ್ಟಿದ್ದು ಯವ್ವಾ. ಹೋಗಾಗ ಕೈಯಾಗ ಹಿಡಕೊಂಡು ಮಣ್ಣಿಗೆ ಹೋಗೂದು. ನಡುವ ಬಿಟ್ಟು ಬರಾಕ ಆಗೂದಿಲ್ಲ.”

ಬರೆದು ಬಿಡುತ್ತೇನೆ, ಬರೆಯದೆ ಇದ್ದರೆ ಎದೆಯಲ್ಲಿ ನಿಲ್ಲುವುದಿಲ್ಲ. ಆ ದಾರವನ್ನು ಪ್ರತಿ ಶಿವರಾತ್ರಿಗೆ ಅತ್ತೆಯವರು ತಾವೇ ಹೊಸೆದು ಬದಲಿಸುತ್ತಿದ್ದರು. ಈ ಶಿವರಾತ್ರಿಗೆ ಮಾವನವರು ನನ್ನನ್ನು ಕೇಳಿದ್ದರು. “ದಾರ ಹಳೇದಾಗೇತಿ ನೋಡು” ಎಂದು ಒಂದು ಸಲ ಅಲ್ಲ, ಎರಡು ಸಲ. ನಾನು ಹೂಂ ಎಂದೆ. ಎರಡು ಸಲವೂ ಹೂಂ ಎಂದೆ. ಅಷ್ಟೇ. ಅವರು ಇವತ್ತಿನ ತನಕ ಆ ಮಾತು ಎತ್ತಿಲ್ಲ.

ಮನೆಯೊಡತಿ ಒಂದು ದಾರಿ ಹೇಳಿದಳು. ಮೀನಿನ ಬಲೆಗೆ ಏನೇನೋ ಬರುತ್ತದೆಯಂತೆ. ಬೆಳ್ಳಿ ಬಂಗಾರ ಬಂದರೆ ಹಳೆಯ ಸಾಮಾನಿನ ಅಂಗಡಿಗಳಿಗೇ ಬಂದು ಸೇರುತ್ತದೆಯಂತೆ.

ಮೇ ೧೨, ಶನಿವಾರ

ಏಳು ಅಂಗಡಿ ಹತ್ತಿ ಇಳಿದೆ. ಬೆಳ್ಳಿಯ ತಟ್ಟೆ ತೋರಿಸಿದರು, ಸುಣ್ಣದ ಡಬ್ಬಿ ತೋರಿಸಿದರು, ಒಬ್ಬಾತ ಶಿಲುಬೆಯ ಸರ ತೋರಿಸಿದ. ಕೈಯಲ್ಲಿ ಮೊಟ್ಟೆಯ ಆಕಾರ ಮಾಡಿ ಹೇಳಿದರೂ ಯಾರಿಗೂ ಕರಡಿಗೆ ಎಂದರೇನೆಂದು ತಿಳಿಯದು. ಅಂಗಡಿಗಳಲ್ಲಿ ಇನ್ನೇನಿತ್ತೆಂದು ಕೇಳಿದರೆ ಹೇಳಲಾರೆ. ದಸ್ತಗೀರಸಾಬರ ಅಂಗಡಿಗೆ ಬೀಗ. ಸಾಮಾನು ತರಲು ಗೋವಾಕ್ಕೆ ಹೋಗಿದ್ದಾರಂತೆ, ನಾಳೆ ಬರುತ್ತಾರಂತೆ.

ಬಲೆ ಎಳೆಯುವವರನ್ನೂ ಕೇಳಿ ಬಂದೆ. ನಕ್ಕರು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು.

ಮಾವನವರು ಇವತ್ತು ಗೋಡೆ ಹಿಡಿದು ಎದ್ದರು. ನಾನು ಮಾಡಿಟ್ಟ ಗಂಜಿ ಹಾಗೆಯೇ ಹಳಸಿತು. ನಾನೂ ಊಟ ಮಾಡಲಿಲ್ಲ. ಈ ಊರಿನ ಬಿಸಿಲಿಗೆ ಹಸಿವೇ ಆಗುವುದಿಲ್ಲ. ನಿನ್ನೆಯೂ ಹೀಗೆಯೇ ಇತ್ತು.

ಮೇ ೧೩, ರವಿವಾರ

ಉದ್ದಕ್ಕೆ ಬರೆಯಬೇಕು.

ಸಂತೆಯ ಗೋಣಿತಾಟುಗಳನ್ನೆಲ್ಲ ಮಗುಚಿ ನೋಡಿ, ಹನ್ನೊಂದಕ್ಕೆ ದಸ್ತಗೀರಸಾಬರ ಅಂಗಡಿಗೆ ಹೋದೆ. ಆಗಷ್ಟೇ ಬೀಗ ತೆಗೆದಿದ್ದರು. ನಡೆದದ್ದನ್ನು ಹೇಳಿದೆ. ಅವರು ಒಳಗಿನ ಕೋಣೆಗೆ ಹೋಗಿ, ಮೇಲಿನ ಹಲಗೆಯಿಂದ ಒಂದು ಬಟ್ಟೆಯ ಗಂಟು ಇಳಿಸಿ ತಂದರು. ಬಿಚ್ಚಿದರೆ ಬೆಳ್ಳಿಯ ಕರಡಿಗೆ!

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

“ಇದು ನಿಮ್ಮದಲ್ಲರಿ ಅಕ್ಕಾರ” ಎಂದರು. “ಮೂರು ವರ್ಷದ ಹಿಂದ ಒಬ್ಬಾಂವ ಬಲಿಗೆ ಬಂತು ಅಂತ ತಂದ. ಒಳಗ ಲಿಂಗ ಐತಿ. ನಮ್ಮ ಮನಿ ಬಾಜೂಕ ನಿಮ್ಮವರ ಮನಿ ಇತ್ತರಿ. ಇದು ಏನಂತ ನನಗ ಗೊತ್ತೈತಿ. ಅದಕ ಮಾರಲಿಲ್ಲ, ಕರಗಸಲೂ ಇಲ್ಲ. ಇವತ್ತಲ್ಲ ನಾಳೆ ಅದರವರು ಕೇಳಕೊಂತ ಬರತಾರ ಅಂತ ಇಟ್ಟಿದ್ದೆ.”

ಅಂಗೈಯಲ್ಲಿಟ್ಟು ನೋಡಿದೆ. ಅದೇ ಆಕಾರ, ಹೆಚ್ಚು ಕಡಿಮೆ ಅದೇ ಗಾತ್ರ. ಒಬ್ಬರ ಲಿಂಗ ಇನ್ನೊಬ್ಬರಿಗಲ್ಲ ಎಂಬುದು ನನಗೆ ಗೊತ್ತಿಲ್ಲವೇ? ಗೊತ್ತಿದೆ. ಆದರೆ ಮಾವನವರು ಬೆಳಿಗ್ಗೆ ಏಳಲು ಎರಡು ಸಲ ಪ್ರಯತ್ನ ಮಾಡಿ ಮಲಗಿಯೇ ಉಳಿದದ್ದೂ ನನಗೆ ಗೊತ್ತಿದೆ.

“ಇದನ್ನ ಅವರದು ಅಂತ ಕೊಡತೇನಿ” ಎಂದೆ.

“ಸುಳ್ಳ ಹೇಳತೀರಿ?”

“ಹೂಂನ್ರಿ.”

ದಸ್ತಗೀರಸಾಬರು ಸ್ವಲ್ಪ ಹೊತ್ತು ರಸ್ತೆಯ ಕಡೆ ನೋಡಿದರು. “ಹೇಳ್ರಿ. ಹಿರ್ಯಾರು ಉಣ್ಣಲಿ” ಎಂದರು. ರೊಕ್ಕದ ಮಾತೆತ್ತಿದರೆ ಎರಡೂ ಕೈ ಮುಗಿದುಬಿಟ್ಟರು.

ಹುಣಸೆಹಣ್ಣು ಹಚ್ಚಿ ಬೆಳಗಿದೆ. ಮಾವನವರ ಬಳಿ ಕೂತು, “ಸಿಕ್ತರಿ ಮಾವಾರ” ಎಂದೆ. ಅವರು ಮೆಲ್ಲಗೆ ಎದ್ದು ಕೂತು ಕೈ ಚಾಚಿದರು. ಮುಷ್ಟಿಯಲ್ಲಿ ಹಿಡಿದರು, ತೆರೆದರು, ಲಿಂಗವನ್ನು ಅಂಗೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

“ಎಲ್ಲಿತ್ತು?”

“ಬಲಿಗೆ ಬಂದಿತ್ತಂತರಿ. ಅಂಗಡಿಗೆ ತಂದು ಕೊಟ್ಟಾರ.”

“ಯಾವಾಗ?”

“ಮೊನ್ನೆ” ಎಂದೆ. ಅರ್ಧ ನಿಜ, ಅರ್ಧ ಸುಳ್ಳು.

“ಹೂಂ” ಎಂದರು. ಮತ್ತೆ ಅದನ್ನೇ ನೋಡಿದರು. ಆಮೇಲೆ, “ನೀರು ಕಾಸು. ಸ್ವಲ್ಪ ಹಾಲು ಅನ್ನ ಮಾಡು” ಎಂದರು.

ಸ್ನಾನ ಮಾಡಿಸಿ ಕೂರಿಸಿದೆ. ಪೂಜೆ ಮುಗಿದ ಮೇಲೆ ಹಾಲು ಅನ್ನದ ತಟ್ಟೆಯನ್ನು ಲಿಂಗದ ಮುಂದೆ ಹಿಡಿದವರು ಎಷ್ಟು ಹೊತ್ತಾದರೂ ಇಳಿಸಲೊಲ್ಲರು. ಕೈ ಸೋತು ತಟ್ಟೆ ಅಲ್ಲಾಡುತ್ತಿತ್ತು. ಕೊನೆಗೆ ಇಳಿಸಿ, ಒಂದು ತುತ್ತು ತಿಂದರು. ಇನ್ನೊಂದು ತಿಂದರು.

ನಾನು ಒಳಗೆ ಹೋಗಿ ಬಾಗಿಲ ಹಿಂದೆ ನಿಂತು ಅತ್ತೆ. ಆಮೇಲೆ ಪಾತ್ರೆಯಲ್ಲಿ ಉಳಿದ ಅನ್ನವನ್ನೆಲ್ಲ ನಿಂತೇ ತಿಂದೆ. ಹಸಿವು ಎಲ್ಲಿ ಅಡಗಿ ಕೂತಿತ್ತೋ.

ಮೇ ೧೫, ಮಂಗಳವಾರ

ಮಾವನವರು ಗೆಲುವಾದರು. ನನಗಂತೂ ಪರೀಕ್ಷೆ ಪಾಸಾದ ಹಾಗಿದೆ.

ನಿನ್ನೆ ಹುಗ್ಗಿ ಮಾಡಿಸಿದರು. ಇವತ್ತು ಹೋಳಿಗೆಯಾಗುತ್ತದೇನು ಎಂದು ಕೇಳಿದರು. ಮನೆಯೊಡತಿಯ ಒಳಕಲ್ಲಿನಲ್ಲಿ ರುಬ್ಬಿ, ಬೆವರು ಸುರಿಸಿ ಮಾಡಿದೆ. ನೋಡಿದರೆ ಅವರು ತಿಂದದ್ದು ಅರ್ಧ ಹೋಳಿಗೆ. ನಾಲ್ಕು ದಿನ ಉಪವಾಸವಿದ್ದವರಿಗೆ ಕಣ್ಣಿನ ಹಸಿವು ಹೆಚ್ಚೆಂದು ಕಾಣುತ್ತದೆ. ಪೂಜೆಯೋ ಈಗ ಎರಡು ತಾಸು. ಇರಲಿ, ನನಗೇನು ಅವಸರವಿದೆ?

ಕರಡಿಗೆಯನ್ನು ಮಾತ್ರ ಇನ್ನೂ ಕೊರಳಿಗೆ ಹಾಕಿಕೊಂಡಿಲ್ಲ. ದಾರ ಹೊಸೆದು ಕೊಟ್ಟೆ. “ಇರಲಿ, ಊರಿಗೆ ಹೋಗೂಣ” ಎಂದು ತೆಗೆದಿಟ್ಟರು. ಬಿಳಿಯ ವಸ್ತ್ರದಲ್ಲಿ ಸುತ್ತಿ ತಲೆದೆಸೆಯ ಮಣೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಮತ್ತೆ ಹರಿದೀತೆಂಬ ಹೆದರಿಕೆ ಇರಬೇಕು. ನನ್ನ ದಾರದ ಮೇಲೆ ಭರವಸೆಯಿಲ್ಲದಿದ್ದರೆ ಅದೂ ಸರಿಯೇ.

ಸಂಜೆ ತಾವೇ ಎದ್ದು ದಸ್ತಗೀರಸಾಬರ ಅಂಗಡಿಗೆ ಕರೆದುಕೊಂಡು ಹೋಗೆಂದರು. ನನ್ನ ಜೀವ ಹಾರಿತು. ನನ್ನನ್ನು ಚಹಾ ಪುಡಿ ತರಲು ಅಟ್ಟಿ ಇಬ್ಬರೇ ಕೂತು ಮಾತಾಡಿದರು. ನಾನು ಓಡೋಡಿ ಬರುವಷ್ಟರಲ್ಲಿ ಹಳೇ ಹುಬ್ಬಳ್ಳಿಯ ಬಾವಿಗಳ ಬಗ್ಗೆ ಮಾತು ನಡೆದಿತ್ತು. ಬಚಾವಾದೆ. ಆ ಅಂಗಡಿಯಲ್ಲಿ ಒಂದು ಚಂದದ ಕನ್ನಡಿ ಇತ್ತು, ಗೋವಾದಿಂದ ತಂದದ್ದು. ದಸ್ತಗೀರಸಾಬರು ನನಗೆಂದೇ ತೆಗೆದಿಟ್ಟಿದ್ದರು. ಯಾರ ಮನೆಯದೆಂದು ಕೇಳಿದೆ. ಗೊತ್ತಿಲ್ಲವೆಂದರು. ಬೇಡವೆಂದು ಬಂದೆ.

ಮೇ ೧೭, ಗುರುವಾರ. ಸಪ್ತಾಪುರ

ಮನೆ ಮುಟ್ಟಿದೆವು. ಘಟ್ಟದಲ್ಲಿ ನನಗೆ ವಾಂತಿಯಾದಾಗಲೆಲ್ಲ ಮಾವನವರು ತಂಬಿಗೆ ಹಿಡಿದು ನಿಂತಿದ್ದರು. ಇವರಿಗೆ ಏನೂ ಹೇಳಿಲ್ಲ. ಸಿಕ್ಕಿತು ಎಂದಷ್ಟೇ ಹೇಳಿದೆ.

ಮೇ ೨೦, ರವಿವಾರ

ಬೆಳಿಗ್ಗೆ ಮಾವನವರು ಇವರನ್ನು ಕರೆದುಕೊಂಡು ಮಠಕ್ಕೆ ಹೋಗಿದ್ದರು. ಹನ್ನೊಂದರ ಹೊತ್ತಿಗೆ ಬಂದರು. ಅಂಗಿಯ ಗುಂಡಿ ಬಿಚ್ಚಿದಾಗ ನೋಡುತ್ತೇನೆ, ಕೊರಳಿನಲ್ಲಿ ಹೊಸ ಕರಡಿಗೆ, ಹೊಸ ದಾರ. ಸ್ವಾಮಿಗಳಿಂದ ಮತ್ತೆ ದೀಕ್ಷೆ ಪಡೆದು, ಹೊಸ ಲಿಂಗ ಕಟ್ಟಿಸಿಕೊಂಡು ಬಂದಿದ್ದಾರೆ. ಕಾರವಾರದ್ದು ಅದೇ ಬಿಳಿಯ ವಸ್ತ್ರದಲ್ಲಿ ದೇವರ ಜಗಲಿಯ ಮೇಲಿತ್ತು.

ನಾನು ಕಂಬ ಹಿಡಿದು ನಿಂತೆ. ಇವರು ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು.

“ಅದು ನಿಮ್ಮದಲ್ಲ ಅಂತ ಯಾವಾಗ ಗೊತ್ತಾತ್ರಿ ಮಾವಾರ?”

“ಕೈಯಾಗ ಇಟ್ಟ ಕೂಡ್ಲೇ. ಇದು ಅರವತ್ತು ವರ್ಷ ಹಿಡದ ಕೈ ಯವ್ವಾ.”

ಅಳು ತಡೆಯಲಿಲ್ಲ. ಇದ್ದದ್ದನ್ನೆಲ್ಲ ಹೇಳಿದೆ. “ತಪ್ಪು ನಂದ್ರಿ. ಶಿವರಾತ್ರಿಗೆ ದಾರ ಬದಲಿ ಮಾಡು ಅಂದಿದ್ರಿ, ನಾ ಮಾಡಲಿಲ್ಲ. ಮ್ಯಾಲೆ ಸುಳ್ಳೂ ಹೇಳಿದೆ.”

“ನಿಮ್ಮತ್ತಿ ನಲವತ್ತು ವರ್ಷ ಬದಲಿ ಮಾಡಿದಳು. ದಾರ ಹಳೇದಾತೋ ಹೊಸದಾತೋ, ನಾ ಒಮ್ಮೇನೂ ಬೆರಳಿಟ್ಟು ನೋಡಲಿಲ್ಲ. ನನ್ನ ಕೊರಳಾಗಿಂದು, ನಾ ನೋಡಬೇಕಿತ್ತು.”

ನನಗೆ ಇನ್ನೊಂದು ತಿಳಿಯಬೇಕಿತ್ತು.

“ನಿಮ್ಮದಲ್ಲ ಅಂತ ಗೊತ್ತಿದ್ದೂ ಮತ್ತ ಅವತ್ತು ಯಾಕ ಉಂಡ್ರಿ?”

ಮಾವನವರು ಜಗಲಿಯ ಕಡೆ ನೋಡಿದರು.

“ನಂದು ನಾಕ ದಿನದ ಉಪಾಸ. ಅದರದು ಮೂರು ವರ್ಷದ್ದು. ಕೈಗೆ ಬಂದ ಕೂಡ್ಲೇ ತಿಳೀತು, ಭಾಳ ದಿನದಿಂದ ಯಾರೂ ನೀರು ಹಾಕಿಲ್ಲ, ಒಂದು ತುತ್ತು ತೋರಿಸಿಲ್ಲ ಅಂತ. ಎಷ್ಟು ವರ್ಷ ಅಂತ ಆಮ್ಯಾಲೆ ಸಾಹೇಬರನ್ನ ಕೇಳಿದೆ. ಹಸಕೊಂಡು ಮನಿಗೆ ಬಂದಾರ. ಅವರ ಮುಂದ ಎಡಿ ಇಟ್ಟು ನಾ ಉಪಾಸ ಕುಂತರ, ಅವರಿಗೆ ತುತ್ತು ಇಳೀತೈತೇನು?”

ಹುಗ್ಗಿ, ಹೋಳಿಗೆ ಎಲ್ಲ ಯಾರಿಗೆ ಮಾಡಿಸಿದರೆಂದು ಈಗ ತಿಳಿಯಿತು.

“ಮತ್ತ ನಿಮ್ಮದು?”

“ಅಲ್ಲೇ ಐತಿ, ನೀರಾಗ. ಯಾವತ್ತರ ಯಾರದರ ಬಲಿಗೆ ಬರತೈತಿ. ಅವರೂ ಒಂದು ತುತ್ತು ತೋರಿಸ್ಯಾರು.” ಹೀಗೆಂದು ಗೋಡೆ ಹಿಡಿಯದೆ ಎದ್ದರು. “ಏಳು, ಹೊತ್ತಾತು. ಎಡಿ ತಾ.”

ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಬಡಿಸಿ ತಂದೆ. ಅವರು ತಟ್ಟೆಯನ್ನು ಮೊದಲು ಜಗಲಿಯ ಮೇಲಿನದಕ್ಕೆ ತೋರಿಸಿದರು, ಆಮೇಲೆ ತಮ್ಮ ಅಂಗೈಯಲ್ಲಿದ್ದುದಕ್ಕೆ. ನಾನು ಎಂದಿನಂತೆ ಒಳಗೆ ಹೊರಟೆ.

“ಎಲ್ಲಿ ಹೊಂಟಿ? ನೀನೂ ತಾಟು ಹಚ್ಚಿಕೊಂಡು ಬಾ. ಇಲ್ಲೇ ಕುಂದ್ರು.”

ಹನ್ನೆರಡು ವರ್ಷದಲ್ಲಿ ನಾನು ಮಾವನವರ ಎದುರಿಗೆ ಕೂತು ಉಂಡವಳಲ್ಲ. ನಮ್ಮಲ್ಲಿ ಯಾವ ಸೊಸೆಯೂ ಕೂರುವುದಿಲ್ಲ. ಹಿತ್ತಲಿನಿಂದ ಬಂದ ಇವರು ಬಾಗಿಲಲ್ಲೇ ನಿಂತು ನಮ್ಮಿಬ್ಬರನ್ನೂ ನೋಡಿದರು. ನಾನು ರೊಟ್ಟಿ ಮುರಿದೆ.